ಪಂಢರಿನಾಥನ ಕಿರುಬೆರಳು

ಖಾನಾಪುರದ ಹಂಚು ತಯಾರಕರ ಸಹಕಾರಿ ಸೊಸೈಟಿಯಲ್ಲಿ ಟೈಪಿಸ್ಟ್ ಪಂಢರಿನಾಥನಿಗೆ ವೈರಿಗಳೆಂಬುವರೇ ಇರಲಿಲ್ಲ, ಅವನ ಎಡಗೈ ಕಿರುಬೆರಳೊಂದನ್ನು ಬಿಟ್ಟರೆ. ಬೆರಳು ಅವನದೇ, ಅದರ ಉಗುರು ಕತ್ತರಿಸುವವನೂ ಅವನೇ, ಆದರೆ ಅದು ಅವನ ಮಾತು ಕೇಳಿದ್ದನ್ನು ನಾನಂತೂ ಕಂಡಿಲ್ಲ. ನಾನು ಈರಣ್ಣ, ಅದೇ ಸೊಸೈಟಿಯ ಗೋದಾಮು ನೋಡಿಕೊಳ್ಳುವವನು. ಹಂಚು ಒಡೆದರೆ ಬೈಸಿಕೊಳ್ಳುವ ಕೆಲಸ ನನ್ನದು. ಒಡೆಯದಿದ್ದರೆ ಯಾರೂ ನನ್ನ ಹೆಸರೆತ್ತುವುದಿಲ್ಲ. ಹೀಗಾಗಿ ನಾನು ಹೇಳುವುದರಲ್ಲಿ ಸ್ವಾರ್ಥವಿಲ್ಲ, ಸ್ವಲ್ಪ ಸಿಟ್ಟಿದೆ ಅಷ್ಟೇ.

ಬೆರಳಿನ ಚಟ ಹೀಗಿತ್ತು. ಟೈಪ್ ಮಾಡುತ್ತ ಮಾಡುತ್ತ ಪಂಢರಿನಾಥನಿಗೆ ಏನಾದರೂ ಯೋಚನೆ ಬಂತೆಂದರೆ ಉಳಿದ ಬೆರಳುಗಳೆಲ್ಲ ಮರ್ಯಾದೆಯಿಂದ ನಿಲ್ಲುತ್ತಿದ್ದವು. ಕಿರುಬೆರಳು ಮಾತ್ರ ಎಡಗಡೆಯ ಶಿಫ್ಟ್ ಕೀಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಟೈಪ್‌ರೈಟರಿನಲ್ಲಿ ಶಿಫ್ಟ್ ಇರುವುದು ದೊಡ್ಡಕ್ಷರಕ್ಕೆ. ಜೊತೆಗೆ ಇನ್ನೊಂದು ಕೀ ಒತ್ತದಿದ್ದರೆ ಕಾಗದದ ಮೇಲೆ ಏನೂ ಬೀಳುವುದಿಲ್ಲ, ಯಂತ್ರದ ಹೊಟ್ಟೆಯೊಳಗೆ ‘ಧಡಕ್’ ಎಂದು ಸದ್ದಾಗುತ್ತದೆ. ಆ ಧಡಕ್ ಧಡಕ್ ಕೇಳಿದರೆ ಚಹಾ ತರುವ ಮಾಯಕ್ಕ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. “ಪಂಢರಿ ಇಚಾರ ಮಾಡಾಕತ್ತಾನ, ತಡೀರಿ,” ಎನ್ನುತ್ತಿದ್ದಳು, ಒಳಗೆ ಬಾಣಂತಿ ಮಲಗಿದ್ದಾಳೆ ಎನ್ನುವ ಧಾಟಿಯಲ್ಲಿ.

ಅವನ ಇನ್ನೊಂದು ಹೆಮ್ಮೆ, ತಾನು ಟೈಪ್ ಮಾಡಿದ್ದನ್ನು ತಾನು ಓದುವುದಿಲ್ಲ ಎಂಬುದು. ಬೆಳಗಾವಿಯಲ್ಲಿ ಅವನಿಗೆ ಟೈಪಿಂಗ್ ಕಲಿಸಿದ ಮಾಸ್ತರರು ಕೈ ಮೇಲೆ ಟವೆಲ್ ಹೊದಿಸಿ ಕಲಿಸಿದ್ದರಂತೆ. ‘ಕೀ ನೋಡುವವನು ಕಲಿಯುವವನು, ಕಾಗದ ನೋಡುವವನು ಹೆದರುವವನು’ ಎಂಬುದು ಅವರ ಉಪದೇಶ. ಪಂಢರಿನಾಥ ಗೋಡೆಯ ಕ್ಯಾಲೆಂಡರ್ ನೋಡುತ್ತ ಟೈಪ್ ಮಾಡಿ, ಕಾಗದ ಸರ್ರನೆ ಎಳೆದು, ಮಡಚಿ, ಲಕೋಟೆಗೆ ಹಾಕುತ್ತಿದ್ದ. ಅಷ್ಟು ವರ್ಷ ತಪ್ಪೂ ಆಗಿರಲಿಲ್ಲ ಅನ್ನಿ.

ಆ ವರ್ಷ ಅವನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಮಗಳು ಕುಮುದಿನಿಯ ಮದುವೆ. ಬೆಳಗಾವಿಯ ಶಹಾಪುರದ ಚಂದ್ರಭಾಗಾಬಾಯಿಯ ಮಗ ಅವಧೂತ ಬ್ಯಾಂಕಿನಲ್ಲಿ ಕಾರಕೂನ. ಕನ್ಯೆ ನೋಡಲು ಬಂದ ದಿನ ಅವಸರದಲ್ಲಿ ಕುಮುದಿನಿ ಅವಲಕ್ಕಿಗೆ ಎರಡು ಸಲ ಉಪ್ಪು ಹಾಕಿದ್ದಳು. ಹುಡುಗ ಒಂದು ಮಾತಾಡದೆ ತಿಂದು, ಎರಡು ತಂಬಿಗೆ ನೀರು ಕುಡಿದು, “ಇನ್ನ ಸ್ವಲ್ಪ ಹಾಕ್ರಿ,” ಅಂದ. ಅವತ್ತೇ ಅವಳ ಮನಸ್ಸು ಅವನ ಮೇಲೆ ನಿಂತುಹೋಯಿತು. “ಈರಣ್ಣಕಾಕಾ, ಆ ಮನಿ ತಪ್ಪಿದ್ರ ನನಗ ಬ್ಯಾರೆ ಮನಿ ತೋರಸಾಕ ಬರಬ್ಯಾಡ್ರಿ,” ಎಂದು ನನಗೇ ಹೇಳಿದಳು, ಯಾಕೆಂದರೆ ಮಧ್ಯಸ್ಥ ನಾನೇ.

ಮಾತುಕತೆ ಎಲ್ಲ ಸರಿಹೋಯಿತು. ಉಳಿದದ್ದು ಒಂದೇ. ಚಂದ್ರಭಾಗಾಬಾಯಿಯ ಹಿರಿಯ ಮಗನ ಸಂಬಂಧವೊಂದು ಬರೀ ಬಾಯಿಮಾತಿನಲ್ಲಿ ನಿಂತು ಬಾಯಿಮಾತಿನಲ್ಲೇ ಮುರಿದಿತ್ತು. ಅಂದಿನಿಂದ ಆ ಮನೆಯಲ್ಲಿ ಪದ್ಧತಿಯಾಗಿತ್ತು: ಹೆಣ್ಣಿನ ತಂದೆ ತನ್ನ ಒಪ್ಪಿಗೆಯನ್ನು ಬರೆದು ಕಳಿಸಬೇಕು, ಆಮೇಲೆ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಪಂಢರಿನಾಥ ಕೈಬರಹದಲ್ಲಿ ನಾಲ್ಕು ಸಾಲು ಗೀಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದೇ ಸಮಯಕ್ಕೆ ಸೊಸೈಟಿಗೆ ಕಂಪ್ಯೂಟರ್ ಬಂತು.

ಕಂಪ್ಯೂಟರ್ ತರಿಸಿದ್ದು ಚೇರ್ಮನ್ ಬಾಳಾಸಾಹೇಬ ಗರ್ಲಗುಂಜೀಕರರು. ವಿಧುರರು, ಅರವತ್ತು ದಾಟಿದವರು, ಮೀಸೆ ಬೆಳ್ಳಗೆ, ಶರ್ಟು ಅದಕ್ಕಿಂತ ಬೆಳ್ಳಗೆ. ನಿಪ್ಪಾಣಿಯ ಯಾವುದೋ ಸೊಸೈಟಿಯವರು ಕಂಪ್ಯೂಟರ್ ತಂದರೆಂದು ಕೇಳಿದ ದಿನದಿಂದ ಅವರಿಗೆ ಊಟ ಸೇರಿರಲಿಲ್ಲ. ಯಂತ್ರಕ್ಕೆ ಕನ್ನಡವೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ, ಬರೀ ಇಂಗ್ಲಿಷ್. ಹೀಗಾಗಿ ನಮ್ಮ ಊರಿನಲ್ಲಿ ಅದಕ್ಕೆ ಎರಡೂ ಕಡೆಯವರು ಹಾರ ಹಾಕಿದರು.

ಅದನ್ನು ಕೂಡಿಸಿಕೊಡಲು ಬೆಳಗಾವಿಯಿಂದ ಇಮಾಮಹುಸೇನ ಎಂಬ ತರುಣ ಬಂದಿದ್ದ. ಪುಣೆಯಲ್ಲಿ ಕಲಿತವನು, ಯಾವ ಪ್ರಶ್ನೆ ಕೇಳಿದರೂ ‘ಆಗತದ್ರಿ’ ಎನ್ನುವ ಸ್ವಭಾವ. ಆ ಸ್ವಭಾವವೇ ಮುಂದೆ ತೊಂದರೆ ಕೊಟ್ಟಿತು.

“ಈ ಬರಿಯೂ ಪ್ರೋಗ್ರಾಮಿನ್ಯಾಗ ಒಂದು ಮಜಾ ಅದರೀ,” ಅಂದ ಅವನು. “ಯಾವ ಕೀಗೆ ಬೇಕಾದ್ರೂ ಯಾವ ಕೆಲಸಾ ಬೇಕಾದ್ರೂ ಹಚ್ಚಬಹುದು. ಒಮ್ಮೆ ಒತ್ತಿದ್ರ ಸೊಸೈಟಿ ಅಡ್ರೆಸ್ ಪೂರಾ ತಾನ ಬೀಳತದ.”

“ನನ್ನ ಹೆಸರು?” ಎಂದರು ಬಾಳಾಸಾಹೇಬರು.

“ಆಗತದ್ರಿ.”

“ಪೂರಾ? ಬಿರುದು ಸಮೇತ?”

“ಆಗತದ್ರಿ. ಈ ಮ್ಯಾಲಿನ ಸಾಲಿನ್ಯಾಗ ಸಣ್ಣ ಸಣ್ಣ ಕೀ ಖಾಲಿ ಅದಾವಲ್ಲ, ಅದರಾಗೊಂದಕ್ಕ ಹಚ್ಚತೀನಿ.”

ಬಾಳಾಸಾಹೇಬರು ಬಗ್ಗಿ ಮೇಲಿನ ಸಾಲನ್ನು ನೋಡಿದರು. ಅವರ ಮುಖ ಸಪ್ಪಗಾಯಿತು. “ಇಷ್ಟ ಸಣ್ಣ ಬಟನ್ನಿನ್ಯಾಗ ನನ್ನ ಹೆಸರು ಹ್ಯಾಂಗ ಕುಂದರತೈತಿ? ದೊಡ್ಡದೊಂದು ನೋಡ್ರಿ.”

ದೊಡ್ಡ ಕೀಗಳೆಲ್ಲ ಕೆಲಸದಲ್ಲಿದ್ದವು. ಉದ್ದನೆಯದು ಜಾಗ ಬಿಡಲು, ಬಲಗಡೆಯದು ಸಾಲು ಮುಗಿಸಲು. ಎಲ್ಲರೂ ಕೀಬೋರ್ಡಿನ ಸುತ್ತ ನಿಂತು ನೆಲದ ಮೇಲೆ ಬಿದ್ದ ಸೂಜಿ ಹುಡುಕುವವರ ಹಾಗೆ ನೋಡುತ್ತಿದ್ದೆವು. ಆಗ ಪಂಢರಿನಾಥನಿಗೆ ತನ್ನ ವಿದ್ಯೆ ತೋರಿಸುವ ಆಸೆ ಬಂತು. ಯಾರೂ ಕೇಳಿರಲಿಲ್ಲ. ಆದರೂ ಕೆಮ್ಮಿ ಮುಂದೆ ಬಂದ.

“ಸಾಹೇಬ್ರ, ಶಿಫ್ಟ್ ಐತಲ್ರೀ. ಒಂದನ್ನ ಒತ್ತಿದ್ರ ಏನೂ ಆಗೂದಿಲ್ಲ. ಬ್ಯಾರೆ ಕೀ ಜೋಡಿ ಒತ್ತಿದ್ರ ಅಷ್ಟ ಅದಕ್ಕ ಕಿಮ್ಮತ್ತು. ತಾನಾಗಿ ಅದಕ್ಕ ಯಾವ ಕೆಲಸಾನೂ ಇಲ್ಲ.”

“ಕೆಲಸ ಇಲ್ಲ?” ಬಾಳಾಸಾಹೇಬರು ನೆಟ್ಟಗಾದರು. “ನನ್ನ ಸೊಸೈಟಿಯಾಗ? ಇಷ್ಟ ದೊಡ್ಡ ಜಾಗಾ ಹಿಡದು ಕುಂತು, ಬ್ಯಾರೆಯವರ ಜೋಡಿ ನಿಂತು ಹೆಸರು ತಗೋತೈತಿ? ಹಚ್ರಿ ಅದಕ್ಕ ಕೆಲಸಾ!”

ಇದನ್ನು ಹೇಳುವಾಗ ಅವರು ನನ್ನ ಕಡೆ ಯಾಕೆ ನೋಡಿದರೋ ತಿಳಿಯದು. ಇಮಾಮಹುಸೇನ ಒಂದು ಕ್ಷಣ ತಲೆ ಕೆರೆದುಕೊಂಡ. ನಂತರ “ಆಗತದ್ರಿ,” ಅಂದ. ಅಕ್ಷರದ ಜೊತೆ ಒತ್ತಿದರೆ ಎಡಗಡೆಯ ಶಿಫ್ಟು ಮೊದಲಿನಂತೆ ದೊಡ್ಡಕ್ಷರ ಕೊಡುತ್ತದೆ; ಅದೊಂದನ್ನೇ ಒತ್ತಿ ಬಿಟ್ಟರೆ ‘ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ’ ಎಂದು ಪೂರ್ತಿ ಬೀಳುತ್ತದೆ. ಹೀಗೆ ಮಾಡಿಕೊಟ್ಟು, ಚಹಾ ಕುಡಿದು, ಅವನು ಬೆಳಗಾವಿಗೆ ಹೋದ. ಬಾಳಾಸಾಹೇಬರು ಸಂಜೆಯವರೆಗೂ ಒಬ್ಬರೇ ಕುಳಿತು ಒತ್ತಿ ಬಿಟ್ಟು ಒತ್ತಿ ಬಿಟ್ಟು ಓದಿಕೊಂಡರು.

ಪಂಢರಿನಾಥನ ಕಿರುಬೆರಳಿಗೆ ಈ ಮಾರ್ಪಾಟು ಯಾರೂ ತಿಳಿಸಲಿಲ್ಲ. ಪಂಢರಿನಾಥನಿಗೆ ತಿಳಿದಿತ್ತು ನಿಜ, ಆದರೆ ಅವನಿಗೂ ಅದಕ್ಕೂ ಮಾತುಕತೆಯೇ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಕಂಪ್ಯೂಟರಿನಲ್ಲಿ ಧಡಕ್ ಸದ್ದೂ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಮಾತ್ರ ಇತ್ತು.

ಮೊದಲ ಪತ್ರ ಹೋದದ್ದು ಬೆಳಗಾವಿಯ ಒಂದು ಕಚೇರಿಗೆ. ಕೆರೆಯ ಮಣ್ಣು ಎತ್ತಲು ಅನುಮತಿ ಬೇಡಿ ನಾವು ಎಷ್ಟೋ ಪತ್ರ ಬರೆದಿದ್ದೆವು, ಅವರು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ಈ ಸಲ ಉತ್ತರ ಬರಲಿಲ್ಲ, ಜೀಪೇ ಬಂತು. ಇಳಿದ ಅಧಿಕಾರಿ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಆಗ ಪಂಢರಿನಾಥನೂ ನಾನೂ ಗೋದಾಮಿನಲ್ಲಿದ್ದೆವು; ಅಲ್ಲಿ ನಡೆದ ಮಾತನ್ನು ಮಾಯಕ್ಕ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

“ಗರ್ಲಗುಂಜೀಕರ ಸಾಹೇಬ್ರಂದ್ರ ತಾವೇನ್ರೀ? ಮಣ್ಣು ಮಂಜೂರ್ರಿ, ಇವತ್ತಿಂದ ಎತ್ರಿ.”

“ಕುಂದರ್ರಿ, ಕುಂದರ್ರಿ. ಇಷ್ಟ ಗಡಬಡಿ ಯಾಕ್ರಿ?”

“ತಮ್ಮ ಪತ್ರ ನಾವೆಲ್ಲಾ ಕೂಡಿ ಓದಿದ್ವಿರಿ. ಮಣ್ಣಿನ ಮಾತು ಒಂದ ಕಡೆ ಐತಿ, ತಮ್ಮ ಹೆಸರು ಎಲ್ಲಾ ಕಡೆ ಐತಿ. ‘ಮಾನ್ಯರೇ, ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ, ಹಿಂದಿನ ಪತ್ರಕ್ಕೆ ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ…’ ನಮ್ಮ ಹೆಡ್‌ಕ್ಲಾರ್ಕ್ ಅಂದ್ರು, ಇಷ್ಟ ದಮ್ಮಿನ್ಯಾಗ ಬರಿಯಾಂವಂದ್ರ ಹಿಂದ ಯಾರೋ ಭಾಳ ದೊಡ್ಡವರ ಇರಬೇಕಂತ. ಯಾರ್ರಿ ಅವರು?”

ಬಾಳಾಸಾಹೇಬರು ಯಾರೆಂದು ಹೇಳಲಿಲ್ಲ, ಯಾಕೆಂದರೆ ಯಾರೂ ಇರಲಿಲ್ಲ. ನಕ್ಕು ಮೀಸೆ ತಿರುವಿದರು. ಅಧಿಕಾರಿಗೆ ಅದು ಇನ್ನೂ ಭಯ ಹುಟ್ಟಿಸಿತು, ಚಹಾ ಅರ್ಧ ಬಿಟ್ಟು ಹೋದ. ಅವನು ಹೋದ ಮೇಲೆ ಚೇರ್ಮನ್ನರು ಪಂಢರಿನಾಥನ ಬೆನ್ನು ತಟ್ಟಿದರು.

“ನಿನ್ನ ಕೈಯಾಗ ಭಕ್ತಿ ಐತಿ ಪಂಢರಿ. ನಾ ಹೇಳಲಿಲ್ಲ, ನೀನಾಗೇ ಬರದಿ. ಹಿಂಗ ನಡೀಲಿ.”

ತನ್ನ ಟೈಪಿಂಗಿನ ವೇಗಕ್ಕೆ ಈ ಹೊಗಳಿಕೆ ಎಂದು ಪಂಢರಿನಾಥ ತಿಳಿದ. ಆ ಉಬ್ಬಿನಲ್ಲಿಯೇ ನನ್ನ ಹತ್ತಿರ ಬಂದು, “ಈರಣ್ಣ, ಬೀಗರ ಒಪ್ಪಿಗಿ ಪತ್ರ ಕಂಪ್ಯೂಟರಿನ್ಯಾಗ ಮಾಡತೀನಿ. ಶಹಾಪುರದಾಗ ಯಾರ ಮನಿಗೂ ಇನ್ನೂ ಬಂದಿರಾಕಿಲ್ಲ,” ಅಂದ.

“ಕೈಲೆ ಬರಿಯೋ ಮಾರಾಯ. ಆ ಬಾಯಿಗೆ ಇಂಗ್ಲಿಷ್ ಎಲ್ಲಿ ಬರತೈತಿ?”

“ಹುಡುಗ ಓದಿ ಹೇಳತಾನ. ಬ್ಯಾಂಕಿನ್ಯಾಂವ ಅದಾನ.”

ಅವನ ಹೆಂಡತಿ ಕಾಂತಾ ಒಂದೇ ಎಚ್ಚರಿಕೆ ಕೊಟ್ಟಳು. ಸಾಖರಪುಡಾ ಆಗುವ ಮೊದಲು ಅಳಿಯನಾಗುವವನ ಹೆಸರು ಬರೆಯುವುದು ಅವಳ ಕಡೆಯವರಲ್ಲಿ ಅಪಶಕುನ. “ಹುಡುಗ ಅಂತಷ್ಟ ಬರೀರಿ. ಹೆಸರು ಹಾಕೀರಿ ಮತ್ತ!” ಪಂಢರಿನಾಥ ಒಪ್ಪಿದ. ಹೆಸರಿಲ್ಲದೆ ಬರೆಯುವುದು ಹೇಗೆಂದು ಪ್ರತಿ ಸಾಲಿನಲ್ಲೂ ಯೋಚನೆ ಮಾಡಬೇಕಾಯಿತು. ಮಗಳನ್ನು ಕಳಿಸುವ ಮಾತು ಬಂದಲ್ಲೆಲ್ಲ ಇನ್ನೂ ಹೆಚ್ಚು ಯೋಚನೆ. ಕೊನೆಗೆ ಪ್ರಿಂಟರು ಕರ್ ಕರ್ ಎಂದು ಉಗುಳಿದ ಕಾಗದವನ್ನು ಎಂದಿನಂತೆ ನೋಡದೆ ಮಡಚಿ, ಲಕೋಟೆಗೆ ಅಂಟು ಹಚ್ಚಿ, ಅರಿಷಿಣ ಕುಂಕುಮ ಸವರಿ ನನ್ನ ಕೈಗಿಟ್ಟ. ನಾನು ಬೆಳಗಾವಿ ರೈಲು ಹತ್ತಿದೆ.

ಚಂದ್ರಭಾಗಾಬಾಯಿಯವರ ಮನೆಯಲ್ಲಿ ಪಡಸಾಲೆಗೆ ಹೊಂದಿಯೇ ಸೀರೆ ನೇಯುವ ವಿದ್ಯುತ್ ಮಗ್ಗಗಳಿದ್ದವು. ಆ ಖಟಖಟದ ಮೇಲೆ ಮಾತಾಡಿ ಮಾತಾಡಿ ಆಕೆಯ ಧ್ವನಿ ಎಷ್ಟು ಏರಿತ್ತೆಂದರೆ, ಆಕೆ ಗುಟ್ಟು ಹೇಳಿದರೆ ಆಚೆ ಓಣಿಯವರು ಸಲಹೆ ಕೊಡುತ್ತಿದ್ದರು. ನನ್ನನ್ನು ಕೂಡಿಸಿ, ಬೆಲ್ಲ ನೀರು ಕೊಟ್ಟು, ಲಕೋಟೆಯನ್ನು ದೇವರ ಮುಂದಿಟ್ಟು ಮಗನಿಗೆ ಕೊಟ್ಟಳು. ಅವಧೂತ ನಗುತ್ತಲೇ ಬಿಚ್ಚಿದ. ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದತೊಡಗಿದ.

“‘ಮಾನ್ಯ ಬಾಯಿಯವರಿಗೆ ನಮಸ್ಕಾರ. ನಮ್ಮ ಮಗಳನ್ನು ಕೊಡಲು ನಾವು ಒಪ್ಪಿದ್ದೇವೆ.’”

“ಚೊಲೋ ಆತು. ಮುಂದ?”

“‘ಹುಡುಗ, ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ, ನಮ್ಮೆಲ್ಲರಿಗೂ ಮನಸ್ಸಿಗೆ ಬಂದಿದ್ದಾನೆ.’” ಅವಧೂತನ ನಗು ಅರ್ಧಕ್ಕೆ ನಿಂತಿತು.

“ಯಾರಂವ?”

“‘ಕುಮುದಿನಿಯೂ ಬಹಳ ಸಂತೋಷದಲ್ಲಿದ್ದಾಳೆ. ಮಾಘ ಮಾಸದಲ್ಲಿ ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ, ಜೊತೆ ಮದುವೆ ಮಾಡೋಣ. ನೀವು ದೊಡ್ಡ ಮನಸ್ಸು ಮಾಡಿ ಬಂದು ಶ್ರೀಮಾನ್ ಬಾಳಾಸಾಹೇಬ…’ ಅವ್ವಾ, ಇದರಾಗ ನನ್ನ ಹೆಸರ ಇಲ್ಲ. ಅವರ ಸೊಸೈಟಿ ಚೇರ್ಮನ್ನಂದು ಐತಿ, ಅರವತ್ತು ದಾಟಿದ ಮುದುಕಂದು.”

ಚಂದ್ರಭಾಗಾಬಾಯಿ ನನ್ನ ಕಡೆ ತಿರುಗಿದಳು. ಬಾಯಲ್ಲಿದ್ದ ಬೆಲ್ಲ ನನಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

“ನಾವು ಕನ್ಯಾ ನೋಡಾಕ ಬಂದು ಅವಲಕ್ಕಿ ತಿಂದು ಹೋದದ್ದು ಈ ಮುದುಕನ ಮದುವಿ ಕರೆ ತಗೊಳ್ಳಾಕೇನ್ರೀ? ನನ್ನ ಮಗಾ ಆ ಉಪ್ಪು ಸುಮ್ನ ತಿಂದನೇನು?”

“ಬಾಯಾರ, ಇದರಾಗ ಏನೋ ಗಡಬಡಿ ಆಗೇತಿ…”

“ಒಂದ ಸಲಾ ಬರದಿದ್ರ ಗಡಬಡಿ ಅಂತಿದ್ದೆ. ಸಾಲಿಗೊಮ್ಮೆ ಬರದಾನ! ನನಗ ಓದಾಕ ಬರೂದಿಲ್ಲ ಖರೇ, ಎಣಸಾಕ ಬರತೈತಿ.”

ಇಷ್ಟನ್ನೂ ಆಕೆ ಮಗ್ಗದ ಧ್ವನಿಯಲ್ಲೇ ಹೇಳಿದಳು. ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ಬಾಗಿಲಿಗೆ ಬಂದರು. ನಾನು ಆ ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಎದುರುಮನೆಯ ಅಜ್ಜಿಯೊಬ್ಬಳು ನನ್ನ ಕಡೆ ನೋಡಿ, “ಅರವತ್ತಕ್ಕ ಬಾಸಿಂಗ ಕಟ್ಟಸಾಂವ ಇವನ ಏನ?” ಅಂದಳು. ನಾನು ಊರಿಗೆ ಮರಳಲು ಹತ್ತಿದ ರೈಲು ದೇಸೂರಿನಲ್ಲಿ ಯಾವುದೋ ಗೂಡ್ಸಿಗೆ ದಾರಿ ಬಿಡಲು ನಿಂತು ಬೇರು ಬಿಟ್ಟಿತು. ಸುದ್ದಿ ಬಸ್ಸು ಹಿಡಿದು ನನಗಿಂತ ಮುಂಚೆ ಖಾನಾಪುರ ಮುಟ್ಟಿ, ಪಂಢರಿನಾಥನ ಕಿವಿಯೊಂದನ್ನು ಬಿಟ್ಟು ಎಲ್ಲರ ಕಿವಿಗೂ ಬಿತ್ತು.

ಮರುದಿನ ನಾನು ಸೊಸೈಟಿಗೆ ಓಡಿದಾಗ ಬಾಗಿಲಲ್ಲೇ ಮಾಯಕ್ಕ ತಡೆದಳು. “ಒಳಗ ಹೋಗಬ್ಯಾಡ, ಮಾತುಕತಿ ನಡದೈತಿ.” ಕಿಟಕಿಯಿಂದ ನೋಡಿದೆ. ಬಾಳಾಸಾಹೇಬರ ಮೀಸೆ ಕಪ್ಪಾಗಿತ್ತು. ಕಪ್ಪೆಂದರೆ ಬೂಟಿನ ಕಪ್ಪು. ಎದುರಿಗೆ ಪಂಢರಿನಾಥ ಕೈ ಕಟ್ಟಿ ನಿಂತಿದ್ದ.

“ನಿನ್ನ ಮಗಳ ಮದುವಿ ಸುದ್ದಿ ಕೇಳಿದ್ನಿ ಪಂಢರಿ. ಖರೇನು?”

“ಖರೇರಿ ಸಾಹೇಬ್ರ. ಎಲ್ಲಾ ನಿಮ್ಮಿಂದನ.”

“ಹುಡಿಗೀ ಒಪ್ಪ್ಯಾಳೇನು?”

“ಆಕೀದ ಹಟಾರಿ! ಬ್ಯಾರೆ ಮನಿ ಬ್ಯಾಡಂತಾಳ.”

ಬಾಳಾಸಾಹೇಬರು ಎದ್ದು ಕಿಟಕಿಯ ತನಕ ಬಂದು ತಿರುಗಿದರು. ನಾನು ಕೈಸನ್ನೆ ಮಾಡಿದೆ, ಅವರಿಗೆ ಕಾಣಲಿಲ್ಲ.

“ವಯಸ್ಸಿನ ಇಚಾರ ಮಾಡೀರೇನು?”

“ವಯಸ್ಸು ಏನ್ರೀ ಸಾಹೇಬ್ರ, ಭಾಳ ಸರಿ ಹೊಂದತೈತಿ.”

“ಹೊಂದತೈತಿ?”

“ನೋಡಿದವರೆಲ್ಲಾ ಹಂಗ ಅಂತಾರ. ನೀವು ಮಂಟಪದಾಗ ಬಂದು ನಿಂತ್ರ ಆತು, ನನಗ ಮತ್ತೇನೂ ಬ್ಯಾಡ.”

“ನಿಲ್ಲತೀನಿ,” ಎಂದರು ಬಾಳಾಸಾಹೇಬರು. ಅವರ ಕಣ್ಣಲ್ಲಿ ನೀರಿತ್ತು. “ನೀ ಇಷ್ಟ ಮನಸು ಮಾಡೀಯಂದ್ರ ನಿಲ್ಲದ ಇರಾಕ ಆಗತೈತೇನು?”

ಇನ್ನು ತಡೆಯಲಾಗದೆ ನಾನು ಒಳಗೆ ನುಗ್ಗಿ, ಮಧ್ಯೆ ನಿಂತು, ಶಹಾಪುರದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಪಂಢರಿನಾಥ ಕೇಳುತ್ತ ಕೇಳುತ್ತ ಕುರ್ಚಿ ಇಲ್ಲದ ಕಡೆ ಕುಳಿತ. ಬಾಳಾಸಾಹೇಬರು ಮಾತ್ರ ನನ್ನನ್ನು ನಂಬಲಿಲ್ಲ. “ಬೆರಳು ತಾನಾಗಿ ಬರೀತೈತೇನೋ? ಪಂಢರಿ ಇಚಾರ ಮಾಡೇ ಬರದಾನ,” ಎಂದರು. ಇದಕ್ಕಿಂತ ನಿಜವಾದ ಮಾತನ್ನು ಅವರು ಆ ವರ್ಷ ಆಡಲಿಲ್ಲ, ಆದರೆ ಅರ್ಥ ಪೂರಾ ಉಲ್ಟಾ.

ಮನೆಯಲ್ಲಿ ಕಾಂತಾ ಆ ಬೆರಳಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದಳು, ಕಳ್ಳನನ್ನು ಕಟ್ಟಿದ ಹಾಗೆ. ಓಣಿಯಲ್ಲಿ ಮೊದಲು ಇಲಿ ಕಚ್ಚಿತೆಂದರು, ಮಧ್ಯಾಹ್ನಕ್ಕೆ ಹಾವಾಯಿತು, ಸಂಜೆಗೆ ನಾಲ್ಕು ಜನ ಮಾತಾಡಿಸಲು ಎಳನೀರು ಹಿಡಿದು ಬಂದರು. ಕುಮುದಿನಿ ಅಳಲಿಲ್ಲ. ಅಡುಗೆಮನೆಯಲ್ಲಿ ಕುಳಿತು ನಾಳೆಗೂ ನಾಡಿದ್ದಿಗೂ ಆಗುವಷ್ಟು ಕೊತ್ತಂಬರಿ ಬಿಡಿಸಿದಳು. “ಅಪ್ಪಾ, ನೀವ ಹೋಗಿ ಅವರಿಗೆ ತೋರಸ್ರಿ. ಇಲ್ಲಂದ್ರ ಅವರ್ನ ಕರಕೊಂಡ ಬರ್ರಿ,” ಅಂದಳು ಕೊನೆಗೆ. “ಮೆಷಿನ್ ನೋಡಿದ್ರ ಅವರಿಗೆ ತಿಳೀತೈತಿ.”

ನಾನು ಮತ್ತೆ ಶಹಾಪುರಕ್ಕೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿದೆ. ಅವಧೂತ ತಾಯಿಯ ಬೆನ್ನು ಬಿದ್ದನಂತೆ. “ಸುಳ್ಳಾದ್ರ ಅಲ್ಲೇ ಮುರದು ಬರತೀನಿ,” ಎಂದು ಚಂದ್ರಭಾಗಾಬಾಯಿ ಹೊರಟಳು. ರವಿವಾರ ಸೊಸೈಟಿಯ ಕಚೇರಿಯಲ್ಲಿ ಎಲ್ಲರೂ ನೆರೆದರು. ಇಮಾಮಹುಸೇನನನ್ನೂ ಕರೆಸಿದ್ದೆವು. ಬಾಳಾಸಾಹೇಬರು ರೇಷ್ಮೆ ಶರ್ಟಿನಲ್ಲಿ ಬಂದು, ಕುಮುದಿನಿಗೆ ಕಾಣುವ ಹಾಗೆ ಬಲಮಗ್ಗುಲಿಗೆ ತಿರುಗಿ ಕುಳಿತಿದ್ದರು. ಆಕೆ ಅವರನ್ನು ‘ಅಜ್ಜಾರ, ಸ್ವಲ್ಪ ಸರೀರಿ’ ಎಂದು ಸರಿಸಿ ಅಪ್ಪನ ಹತ್ತಿರ ಹೋದಳು. ಮಾಯಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಇಮಾಮಹುಸೇನ ಶಿಫ್ಟ್ ಕೀ ಒಮ್ಮೆ ಒತ್ತಿ ಬಿಟ್ಟ. ಹಸಿರು ಅಕ್ಷರದಲ್ಲಿ ಹೆಸರು ಬಿರುದು ಎಲ್ಲ ಬಿತ್ತು. “ನೋಡ್ರಿ ಬಾಯಾರ, ಇದೊಂದ ಒತ್ತಿದ್ರ ಇಷ್ಟ ಬೀಳತದ.”

“ಮೆಷಿನ್ನಿಂದು ತಪ್ಪಿಲ್ಲಂತ ತಿಳೀತು,” ಎಂದಳು ಚಂದ್ರಭಾಗಾಬಾಯಿ. “ಒತ್ತಿದಾಂವ ಯಾರು? ನಮ್ಮ ಮನ್ಯಾಗ ಮಗ್ಗ ತಾನ ಸೀರಿ ನೇಯತೈತಿ. ಆದ್ರ ಬಣ್ಣ ಹಾಕಾಂವ ಮನಶ್ಯಾ.”

“ಬಾಯಾರ, ಇವಂಗ ಚಟಾ ಐತ್ರಿ,” ಎಂದೆ ನಾನು. “ಬೆರಳು ಅವನ ಮಾತ ಕೇಳೂದಿಲ್ಲ.”

“ಹಂಗಾರ ನನ್ನ ಮುಂದ ಬರೀಲಿ. ಅದ ಪತ್ರ.”

ಕಾಂತಾ ಬಟ್ಟೆ ಬಿಚ್ಚಿದಳು. ಪಂಢರಿನಾಥ ದೇವರಿಗೆ ಕೈ ಮುಗಿದು ಕುಳಿತ. ಗೋಡೆಯ ಕ್ಯಾಲೆಂಡರ್ ಮರೆಯಾಗುವಷ್ಟು ಜನ ನಿಂತಿದ್ದರಿಂದ ಅವನು ಹೆದರಿ ಪರದೆಯನ್ನೇ ನೋಡುತ್ತ ಟೈಪ್ ಮಾಡಿದ. ಪತ್ರ ಅವನಿಗೆ ಬಾಯಿಪಾಠವಾಗಿತ್ತು, ಯೋಚನೆ ಮಾಡುವ ಪ್ರಮೇಯವೇ ಬರಲಿಲ್ಲ. ಕಿರುಬೆರಳು ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗ ಕೂಡುವ ಹುಡುಗನ ಹಾಗೆ ಅಲುಗಾಡದೆ ಕುಳಿತಿತ್ತು. ಮೊದಲಿನಿಂದ ಕೊನೆಯವರೆಗೆ ಪತ್ರ ಸ್ವಚ್ಛವಾಗಿ ಬಂತು. ಎಲ್ಲಿಯೂ ಶ್ರೀಮಾನ್ ಇಲ್ಲ, ಸಮಾಜಭೂಷಣ ಇಲ್ಲ.



“ನೋಡ್ರಿ!” ಬಾಳಾಸಾಹೇಬರು ಮೀಸೆ ತಿರುವಿದರು, ಬೆರಳು ಕಪ್ಪಾಯಿತು. “ಬ್ಯಾಡಂದ್ರ ಬರದಂಗ ಇರಾಕ ಬರತೈತಿ ಇವಂಗ. ಅವತ್ತ ಬೇಕಂತನ ಬರದಾನ.”

“ಸುಳ್ಳ ಹೇಳಿ ನನ್ನ ಇಲ್ಲಿಮಟ ಕರಸಿದ್ರಲ್ರೀ,” ಎಂದು ಚಂದ್ರಭಾಗಾಬಾಯಿ ಎದ್ದಳು. “ಏಳೋ ಅವಧೂತ.”

ಪಂಢರಿನಾಥ ಕೀಬೋರ್ಡಿನ ಮೇಲೆ ಕೈಯಿಟ್ಟವನು ಹಾಗೇ ಕುಳಿತಿದ್ದ. “ಒತ್ತೋ! ಈಗರ ಒತ್ತೋ!” ಎಂದು ನಾನು ಕಿವಿಯಲ್ಲಿ ಉಸುರಿದೆ. “ಬೇಕಂತ ಒತ್ತಿದ್ರ ಅದು ಸುಳ್ಳ ಆಗತೈತಲ್ಲೋ ಈರಣ್ಣ,” ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. ಇಂಥ ಮನುಷ್ಯನನ್ನು ಕಟ್ಟಿಕೊಂಡು ಏನು ಮಾಡಬೇಕು ಹೇಳಿ.

ಅವಧೂತ ಮಾತ್ರ ಎದ್ದಿರಲಿಲ್ಲ. “ಅವ್ವಾ, ತಡಿ. ಅವರು ಬಾಯಿಪಾಠ ಒಪ್ಪಿಸಿದ್ರು. ಹೊಸಾದು ಏನರ ಬರೀಲಿ. ನೀನ ಹೇಳು.”

ಚಂದ್ರಭಾಗಾಬಾಯಿ ಬಾಗಿಲ ಹತ್ತಿರ ನಿಂತು ಕುಮುದಿನಿಯನ್ನು ನೋಡಿದಳು. ಹುಡುಗಿಯ ಕೈ ಅಪ್ಪನ ಕುರ್ಚಿಯ ಬೆನ್ನ ಮೇಲಿತ್ತು.

“ಆತು. ನಿಮ್ಮ ಮಗಳು ನಮ್ಮ ಮನಿಗೆ ಬಂದಳು ಅಂತ ತಿಳೀರಿ. ಎಂಟ ದಿನಾ ಆದ್ವು. ಆಕಿಗೆ ನೀವು ಮದಲನೇ ಪತ್ರ ಬರೀಬೇಕು. ಏನ್ ಬರೀತೀರಿ, ಬರೀರಿ.”

ಪಂಢರಿನಾಥ ಟೈಪ್ ಮಾಡಿದ. ‘ಪ್ರೀತಿಯ ಕುಮುದಿನಿಗೆ.’ ಅವಧೂತ ಗಟ್ಟಿಯಾಗಿ ಓದಿದ. ‘ನಾವೆಲ್ಲ ಇಲ್ಲಿ ಆರಾಮ ಇದ್ದೇವೆ.’ ಅದನ್ನೂ ಓದಿದ. ‘ಮನೆ’ ಎಂದು ಒಂದು ಶಬ್ದ ಬಿತ್ತು. ಆಮೇಲೆ ಬೆರಳುಗಳು ನಿಂತವು.

ಪಂಢರಿನಾಥ ಪರದೆಯನ್ನು ಬಿಟ್ಟು ಎಲ್ಲಿಯೋ ನೋಡುತ್ತಿದ್ದ. ನಾವ್ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಕಿರುಬೆರಳು ಮೆಲ್ಲಗೆ ಕೆಳಗಿಳಿಯಿತು. ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ. ಮತ್ತೆ ಇಳಿಯಿತು. ಶ್ರೀಮಾನ್ ಬಾಳಾಸಾಹೇಬ ಗರ್ಲಗುಂಜೀಕರ, ಚೇರ್ಮನ್, ಸಮಾಜಭೂಷಣ. ಸಾಲು ತುಂಬಿತು, ಪರದೆ ತುಂಬಿತು, ಮೇಲಿನ ಸಾಲುಗಳು ಮೇಲೆ ಸರಿದು ಕಾಣದಾದವು, ಕೆಳಗೆ ಮತ್ತೆ ಮತ್ತೆ ಅದೇ ಹೆಸರು ಬೀಳುತ್ತಲೇ ಇತ್ತು. ಪಂಢರಿನಾಥನಿಗೆ ಅದು ಯಾವುದೂ ಗೊತ್ತಿರಲಿಲ್ಲ. ಅವನ ಗಲ್ಲ ಒದ್ದೆಯಾಗಿದ್ದೂ ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಮಾಯಕ್ಕ ಮೂಗು ಸೀನಿದಳು. ಬಾಳಾಸಾಹೇಬರು ಅಷ್ಟೊಂದು ಸಲ ತಮ್ಮ ಹೆಸರು ನೋಡಿ ಮೊದಲ ಬಾರಿಗೆ ತಲೆ ತಗ್ಗಿಸಿದರು.

ಕುಮುದಿನಿ ಬಗ್ಗಿ ಅಪ್ಪನ ಕಿರುಬೆರಳನ್ನು ಕೀಯಿಂದ ಎತ್ತಿ, ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಕ್ಷರಗಳು ನಿಂತವು.

ಚಂದ್ರಭಾಗಾಬಾಯಿ ಬಾಗಿಲಿನಿಂದ ಹಿಂದಕ್ಕೆ ಬಂದು, ಪಂಢರಿನಾಥನ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು.

“ಕಣ್ಣ ಒರಸ್ಕೋರಿ ಬೀಗರ,” ಎಂದಳು. “ಆ ಪತ್ರ ಬರೀಬ್ಯಾಡ್ರಿ. ಮಗಳ ನೆನಪಾದಾಗ ನೀವ ಬಂದ ಬಿಡ್ರಿ.”